ಕೋರ್ಟು ಹೇಳದ ಮಾತು

ಬೆಳ್ಯಪ್ಪನವರು ಕುಡಿದು ಸೈಕಲ್ಲಿನಿಂದ ಬಿದ್ದು ಸತ್ತರು ಎಂದು ಯಾವ ಕೋರ್ಟೂ ಹೇಳಲಿಲ್ಲ. ಹೇಳಿದವನು ನಾನು. ಕೋರ್ಟೇ ಹಾಗೆ ಹೇಳಿತು ಎಂದು ಅವರ ಹೆಂಡತಿಗೆ, ಕೋರ್ಟಿನ ಜಗಲಿಯಲ್ಲಿ ನಿಂತು, ಅವರ ಮುಖ ನೋಡುತ್ತಾ — ಇಲ್ಲ, ಶುರುವಿನಲ್ಲೇ ಇನ್ನೊಂದು ಸುಳ್ಳು ಬೇಡ — ಪಕ್ಕದ ಕಂಬ ನೋಡುತ್ತಾ ಹೇಳಿದೆ.

ಹನ್ನೆರಡು ವರ್ಷವಾಯಿತು. ಕಳೆದ ತಿಂಗಳು ಒಂದು ಭಾನುವಾರ, ಇನ್ನಾದರೂ ನಿಜ ಹೇಳಿಬಿಡೋಣ ಎಂದು ಅಮ್ಮತ್ತಿಯ ಅವರ ಮನೆಗೆ ಹೊರಟೆ. ಹೊರಡುವ ಮುಂಚೆ, ನನ್ನ ಅಭ್ಯಾಸದಂತೆ, ಏನೇನು ಕೆಡಬಹುದು ಎಂದು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿದೆ. ಬಸ್ಸು ಕೆಟ್ಟು ನಿಲ್ಲಬಹುದು. ಆನೆ ಅಡ್ಡ ಬರಬಹುದು. ಹಗಲು ಹೊತ್ತಿನಲ್ಲಿ ಆ ದಾರಿಯಲ್ಲಿ ಆನೆ ಬಂದದ್ದನ್ನು ನಾನು ಕೇಳಿಲ್ಲ, ಆದರೆ ಎಲ್ಲದಕ್ಕೂ ಒಂದು ಮೊದಲು ಇರುತ್ತದಲ್ಲ. ಅವರ ಮನೆಯ ನಾಯಿ ಕಚ್ಚಬಹುದು. ಹಳೆಯ ನಾಯಿ ಸತ್ತಿರಬೇಕು, ಅದರ ಸಂತಾನ ಇರಬಹುದು. ಸತ್ತವರ ಅಣ್ಣ ಕುಶಾಲಪ್ಪನವರು ಗೋಡೆಯ ಮೇಲಿನ ಕೋವಿ ಇಳಿಸಬಹುದು. ಮಾತು ಶುರುಮಾಡಿದ ಕೂಡಲೇ ನನಗೆ ಕೆಮ್ಮು ಹತ್ತಬಹುದು. ಬೆಳ್ಯಪ್ಪನವರ ಮಗಳು ಅಳಬಹುದು. ಅಳದೆ ಸುಮ್ಮನೆ ನೋಡಬಹುದು, ಅದಂತೂ ಇನ್ನೂ ಕಷ್ಟ. ನಾನು ಹೇಳಿದ್ದನ್ನು ಅವರು ನಂಬದಿರಬಹುದು. ನಂಬಿ, ಚೀಲದಲ್ಲಿರುವ ತೀರ್ಪಿನ ನಕಲು ತೋರಿಸಿ ಎನ್ನಬಹುದು; ನೋಡಿದರೆ ಆ ಕಾಗದ ಬಸ್ಸಿನಲ್ಲೇ ಬಿದ್ದುಹೋಗಿರಬಹುದು. ನನ್ನ ಎದೆಯೇ ನಿಂತುಹೋಗಬಹುದು. ಹಾಗಾದರೆ ಪಾಪ, ಅವರ ತಲೆಗೆ ನನ್ನ ಹೆಣ ಸಾಗಿಸುವ ಕೆಲಸ ಬೇರೆ.

ಇದರಲ್ಲಿ ಒಂದೂ ಆಗಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಕೂರಲು ಜಾಗವೂ ಸಿಕ್ಕಿತು. ಆದದ್ದು ಬೇರೆ, ತೀರ ಸಣ್ಣದು. ಅದನ್ನು ಈಗಲೇ ಹೇಳಿದರೆ ಮುಂದಿನದನ್ನು ಬರೆಯಲು ನನಗೆ ಮುಖ ಉಳಿಯುವುದಿಲ್ಲ. ಆದ್ದರಿಂದ ಮೊದಲಿಂದ ಬರುತ್ತೇನೆ.

ಆಗ ನಾನು ವಿರಾಜಪೇಟೆಯಲ್ಲಿ ಉತ್ತಯ್ಯ ವಕೀಲರ ಗುಮಾಸ್ತ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯವನು. ನೇಗಿಲು ಹಿಡಿದರೆ ಎತ್ತು ಹಾಯುತ್ತದೆಂದು ಹೆದರಿ ಟೈಪಿಂಗ್ ಕಲಿತವನು. ಹೆದರುವುದು ಗುಮಾಸ್ತನಿಗೆ ಒಳ್ಳೆಯ ಗುಣವೆಂದು ವಕೀಲರು ತಿಳಿದಿದ್ದರು. ನಾನು ಬರೆದ ಕಾಗದವನ್ನು ನಾನೇ ಮೂರು ಸಲ ಓದುತ್ತಿದ್ದೆ, ಲಕೋಟೆ ಅಂಟಿಸಿದ ಮೇಲೆ ಬೆಳಕಿಗೆ ಹಿಡಿದು ನಾಲ್ಕನೆಯ ಸಲ. "ನನ್ನ ಗುಮಾಸ್ತ ಬರೆದದ್ದಕ್ಕೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ" ಎಂದು ಅವರು ಬೇರೆ ವಕೀಲರ ಎದುರು ಒಂದು ದಿನ ಹೇಳಿದರು. ಆ ಮಾತು ನನ್ನ ತಲೆಗೆ ಹತ್ತಿತು. ಇಳಿಯಲಿಲ್ಲ. ಇದು ನೆನಪಿರಲಿ — ನೆಪಕ್ಕಾಗಿ ಹೇಳುತ್ತಿಲ್ಲ. ರೋಗ ಎಲ್ಲಿಂದ ಶುರುವಾಯಿತು ಎಂದು ವೈದ್ಯರಿಗೆ ಹೇಳುವುದಿಲ್ಲವೆ, ಹಾಗೆ.

ಬೆಳ್ಯಪ್ಪನವರು ಅಮ್ಮತ್ತಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಭಾಗಮಂಡಲದ ಕಡೆಯ ಗೌಡರ ಮನೆತನ. ಮನೆಯಲ್ಲಿ ಅರೆಭಾಷೆ, ಎಸ್ಟೇಟಿನ ಕೂಲಿ ಲೈನಿನಲ್ಲಿ ಮಲಯಾಳ, ತಮಿಳು, ದೊರೆಯ ಮುಂದೆ ನಾಲ್ಕು ಇಂಗ್ಲಿಷ್ ಮಾತು. ನಾನು ಅವರನ್ನು ಬದುಕಿದ್ದಾಗ ಎರಡು ಸಲ ಕಂಡಿರಬೇಕು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ತಿರುವಿನಲ್ಲಿ ಸೈಕಲ್ ಗಂಟೆ ಬಾರಿಸುವ ಮನುಷ್ಯ. ನನಗೆ ಅವರು ಹಿಡಿಸಿದ್ದು ಅದಕ್ಕೇ. ನಮ್ಮ ಜಾತಿಯವರು ಎನ್ನಿಸಿತು, ಹೆದರುವ ಜಾತಿ.

ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ಪದ್ಧತಿ. ತೀರಿಹೋದ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಬಾಳೆಲೆ ಹಾಕಿ, ರೊಟ್ಟಿ, ಕೋಳಿ ಸಾರು ಬಡಿಸಿ, ಗಂಡಸರ ಎಲೆಯ ಪಕ್ಕದಲ್ಲಿ ಒಂದೊಂದು ಲೋಟ ಸಾರಾಯಿ ಇಡುತ್ತಾರೆ. ಅದಕ್ಕೆಂದು ಬಡಿಸುವ ದಿನದ ಮುನ್ನಾದಿನ ಬೆಳ್ಯಪ್ಪನವರು ವಿರಾಜಪೇಟೆಯ ಕಡೆಯಿಂದ ಒಂದು ಬಾಟಲಿ ತರುತ್ತಿದ್ದರು. ಪಾನನಿರೋಧ ಬಂದು ಬಾಟಲಿಯ ಮಾತನ್ನು ಬಹಿರಂಗವಾಗಿ ಆಡುವ ಹಾಗಿಲ್ಲದ ಕಾಲ ಅದು. ಆ ದಿನವೂ ಚೀಲದೊಳಗೆ ಬಟ್ಟೆ ಸುತ್ತಿ, ಸೈಕಲ್ ಹ್ಯಾಂಡಲಿಗೆ ಹಾಕಿಕೊಂಡಿದ್ದರು.

ಆ ರಸ್ತೆಗೆ ಹಿಂದಿನ ವರ್ಷವಷ್ಟೇ ಹಳೆಯ ಜಲ್ಲಿಯ ಮೇಲೆ ಹೊಸ ಜಲ್ಲಿ ಹಾಕಿ ಡಾಂಬರು ಎಳೆದಿದ್ದರು. ನಡು ಎತ್ತರವಾಯಿತು, ಮಗ್ಗುಲು ಹಿಂದಿದ್ದಲ್ಲೇ ಉಳಿಯಿತು. ಎರಡೂ ಕಡೆ ಮಣ್ಣು ತುಂಬಿ ದಮ್ಮಸ್ಸು ಮಾಡಿ ಡಾಂಬರಿನ ಮಟ್ಟಕ್ಕೆ ತರಬೇಕಿತ್ತು, ತರಲಿಲ್ಲ. ಇದ್ದ ಮಣ್ಣನ್ನೂ ಮಳೆ ಒಯ್ದಿತು. ಎದುರಿನಿಂದ ಬಸ್ಸು ಬಂತು. ಬಸ್ಸು ಮತ್ತು ಸೈಕಲ್ಲು ಒಟ್ಟಿಗೆ ಹೋಗುವಷ್ಟು ಅಗಲವಿಲ್ಲ. ಬೆಳ್ಯಪ್ಪನವರು ಎಂದಿನ ಹಾಗೆ ಮರ್ಯಾದೆಯಿಂದ ಎಡಕ್ಕೆ ಸರಿದರು. ಮುಂದಿನ ಚಕ್ರ ಡಾಂಬರಿನ ಅಂಚಿನಿಂದ ಕೆಳಗೆ ಬಿತ್ತು, ಅವರು ಮಗ್ಗುಲಲ್ಲಿ ಬಿಟ್ಟುಹೋಗಿದ್ದ ಜಲ್ಲಿ ರಾಶಿಯ ಮೇಲೆ ತಲೆ ಮುಂದಾಗಿ ಬಿದ್ದರು. ಬಸ್ಸು ಅವರಿಗೆ ತಾಗಲೇ ಇಲ್ಲ. ಜನ ಇಳಿದು ಓಡಿ ಬಂದಾಗ ಉಸಿರು ಇರಲಿಲ್ಲ, ಬಾಟಲಿ ಒಡೆದಿತ್ತು, ಅಂಗಿಯೆಲ್ಲ ಸಾರಾಯಿ ವಾಸನೆ. "ಹೋ, ಹಾಕಿಕೊಂಡಿದ್ದಾನೆ" ಎಂದು ಯಾರೋ ಒಬ್ಬರು. ಅಷ್ಟು ಸಾಕಾಯಿತು. ಸಂಜೆಯೊಳಗೆ ಅಮ್ಮತ್ತಿಗೆಲ್ಲ ಗೊತ್ತು — ಇಲ್ಲದ್ದು ಗೊತ್ತು.

ಒಂದು ತಿಂಗಳ ಮೇಲೆ ಅವರ ಹೆಂಡತಿ ದೇವಕ್ಕ ನಮ್ಮ ಆಫೀಸಿಗೆ ಬಂದರು. ಸೆರಗಿನ ಮರೆಯಿಂದ ಕಾಫಿ ಗಿಡದ ಒಂದು ಕಡ್ಡಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಗೇಣಿಗಿಂತ ಸ್ವಲ್ಪ ಉದ್ದ.

"ಎಂತಮ್ಮ ಇದು?" ಎಂದರು ವಕೀಲರು.

"ಆ ಜಾಗದಲ್ಲಿ ರಸ್ತೆಗೂ ಮಣ್ಣಿಗೂ ಇಷ್ಟು ಉಂಟು. ನಾನೇ ಇಟ್ಟು ನೋಡಿ ಕಡಿದದ್ದು. ಮಣ್ಣು ತುಂಬಿದ ಮೇಲೆ ಇಲ್ಲ ಅಂತ ಹೇಳಬಾರದಲ್ಲ."

ಉತ್ತಯ್ಯ ವಕೀಲರು ಕನ್ನಡಕ ತೆಗೆದು ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡರು. ಓದಿದ ಕಕ್ಷಿಗಾರರು ಇಂಥ ಸಾಕ್ಷಿ ತಂದದ್ದನ್ನು ನಾನು ನೋಡಿಲ್ಲ. ಅಳತೆ ಸರಿಯೇ ಎಂದು ಮಾರನೆಯ ದಿನ ನಾನೇ ಹೋಗಿ ಕೊಡೆ ಇಳಿಸಿ ನೋಡಿ ಬಂದೆ, ಬಸ್ಸು ಬಂದಾಗಲೆಲ್ಲ ತೋಟದ ಬೇಲಿಯವರೆಗೆ ಓಡುತ್ತಾ.

"ನೋಡಮ್ಮ," ಎಂದರು ವಕೀಲರು, "ದಾರಿ ನಾಲ್ಕು. ಬಸ್ಸಿನವನ ಮೇಲೆ ಹೋಗಬಹುದು — ಪ್ರಯೋಜನ ಇಲ್ಲ, ಅವನು ತಾಗಿಸಲಿಲ್ಲ, ಪೊಲೀಸರೂ ಬಿಟ್ಟಾಯ್ತು. ಕಂಟ್ರಾಕ್ಟರ್ ಮೇಲೆ ಹೋದರೆ ಕೆಲಸ ಮುಗಿಸಿ ಒಪ್ಪಿಸಿದ್ದೇನೆ ಅಂತ ಕಾಗದ ತೋರಿಸುತ್ತಾನೆ. ಡೆಪ್ಯುಟಿ ಕಮಿಷನರ್ ಸಾಹೇಬರಿಗೆ ಒಂದು ಅರ್ಜಿ ಕೊಡಬಹುದು, ಮಗು ಉಂಟು ಅಂತ ಬರೆದರೆ ದಯೆ ತೋರಿಸಿ ಏನಾದರೂ ಕೊಟ್ಟಾರು. ಇನ್ನೊಂದು, ಸರ್ಕಾರದ ಮೇಲೇ ದಾವೆ. ರಸ್ತೆ ಅವರದ್ದು, ಅಂಚೂ ಅವರದ್ದು. ಅದು ಕಷ್ಟದ ದಾರಿ. ದಾವೆಗೆ ಎರಡು ತಿಂಗಳು ಮೊದಲೇ ನೋಟೀಸು ಕೊಡಬೇಕು, ಒಂದು ವರ್ಷದ ವಾಯಿದೆ ತಪ್ಪಬಾರದು. ಅಷ್ಟು ಮಾಡಿದರೂ ಸೋಲಬಹುದು."

ದೇವಕ್ಕ ಕೇಳಿದರು: "ಅರ್ಜಿ ಕೊಟ್ಟರೆ, ಅವರು ಹೇಗೆ ಸತ್ತದ್ದು ಅಂತ ಬರೆಯುತ್ತಾರಾ?"

"ಇಲ್ಲ. ಪಾಪ ಅಂತ ಬರೆಯುತ್ತಾರೆ."

"ದಾವೆಯಲ್ಲಿ?"

"ಗೆದ್ದರೆ ಬರೆಯಲೇಬೇಕು."

"ಹಾಗಾದರೆ ಅದೇ ಮಾಡಿ. ದುಡ್ಡು ಬಂದರೆ ಬರಲಿ, ಬೇಡ ಅನ್ನುವುದಿಲ್ಲ. ನನಗೆ ಆ ಒಂದು ಸಾಲು ಬೇಕು. ಭಾವ ದಿನಾ ಊಟಕ್ಕೆ ಕೂತಾಗ ಹೇಳುತ್ತಾರೆ, ಕುಡಿದು ಸತ್ತ, ಮನೆಯ ಮಾನ ಕಳೆದ ಅಂತ. ಎಸ್ಟೇಟಿನಲ್ಲೂ ಅದೇ. ಬಾಟಲಿ ಹಿರಿಯರಿಗೆ ಅಂತ ನಾನು ಹೇಳಿದರೆ ನಗುತ್ತಾರೆ. ಕೋರ್ಟು ಹೇಳಿದರೆ ಯಾರೂ ನಗುವ ಹಾಗಿಲ್ಲವಲ್ಲ?"

"ಇಲ್ಲಮ್ಮ, ನಗುವ ಹಾಗಿಲ್ಲ" ಎಂದರು ವಕೀಲರು.

ಅವರಿಗೆ ಬೇಕಾದದ್ದು ಅಷ್ಟೇ. ಡಾಂಬರಿನ ಅಂಚಿನಿಂದ ಬಿದ್ದು ಸತ್ತರು ಎಂಬ ಒಂದು ಸಾಲು. ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ, ಮೈದಾನದಷ್ಟು ಜಾಗವಿರುವ ಕಾಗದದಲ್ಲಿ, ಒಂದೇ ಸಾಲು.

ನಾನು ನೋಟೀಸು ಟೈಪು ಮಾಡಲು ಕುಳಿತೆ. ಎಲ್ಲ ಜಾಗ್ರತೆ ವಹಿಸಿದೆ. ದೇವಕ್ಕನ ಹೆಸರು, ಗಂಡನ ಹೆಸರು, ಊರು, ರಸ್ತೆ, ಎಷ್ಟನೆಯ ಮೈಲಿಕಲ್ಲಿನ ಹತ್ತಿರ, ಅಂಚು ಎಷ್ಟು ಆಳ, ಎಲ್ಲವನ್ನೂ ಮೂರು ಸಲ ಓದಿದೆ. ಶವಪರೀಕ್ಷೆ ಮಾಡಿದ ಡಾಕ್ಟರ ಕಾಗದದಲ್ಲಿ ಕುಡಿತದ ಮಾತೇ ಇರಲಿಲ್ಲ. ಅದನ್ನು ಬೇರೆ ಹಾಳೆಗೆ ಇಳಿಸಿ, ಗೆದ್ದಲು ಹಿಡಿದೀತೆಂದು ಇನ್ನೊಂದು ಪ್ರತಿ ಮನೆಯಲ್ಲಿಟ್ಟೆ. ಆದರೆ ತಲೆಬರಹ ನಾನು ಟೈಪು ಮಾಡಿದ್ದಲ್ಲ. ನಮ್ಮ ಆಫೀಸಿನಲ್ಲಿ ಸರ್ಕಾರಕ್ಕೆ ಕೊಡುವ ನೋಟೀಸಿಗೆಂದು ಮೊದಲೇ ಅಚ್ಚು ಹಾಕಿಸಿದ ಹಾಳೆಗಳ ಒಂದು ಕಟ್ಟು ಇತ್ತು. ಕೊಡಗು ತಾನೇ ಒಂದು ರಾಜ್ಯವಾಗಿದ್ದಾಗ ಮಾಡಿಸಿದ್ದು. ಮೇಲೆ ಆ ಹಳೆಯ ಸರ್ಕಾರದ ಹೆಸರು, ಅದರ ಚೀಫ್ ಕಮಿಷನರ ವಿಳಾಸ, ಮಡಿಕೇರಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ಕಳೆದಿತ್ತು. ಆ ಸರ್ಕಾರ ಇರಲಿಲ್ಲ, ಆ ಹುದ್ದೆಯೂ ಇರಲಿಲ್ಲ. ಹಾಳೆಗಳು ಮಾತ್ರ ಚೆನ್ನಾಗಿದ್ದವು. ಬಿಸಾಡಲು ಮನಸ್ಸು ಬಾರದೆ ಒಂದೊಂದೇ ತೆಗೆಯುತ್ತಿದ್ದೆ, ತೆಗೆದಾಗ ವಿಳಾಸ ಹೊಡೆದುಹಾಕಿ ಹೊಸದು ಬರೆಯುತ್ತಿದ್ದೆ. ಆ ದಿನ ಬರೆಯಲಿಲ್ಲ. ಯಾಕೆ ಎಂದರೆ — ಗೊತ್ತಿಲ್ಲ. ಅಚ್ಚಾದದ್ದನ್ನು ನಾನು ಓದುವುದಿಲ್ಲ, ಅಷ್ಟೆ. ನಾನು ಟೈಪು ಮಾಡಿದ್ದನ್ನು ಮಾತ್ರ ಸಂಶಯಪಡುವವನು ನಾನು. ವಕೀಲರು ಕಣ್ಣು ಮುಚ್ಚಿ ಸಹಿ ಹಾಕಿದರು.

ನೋಟೀಸು ತಲುಪಿತೆಂಬ ಚೀಟಿ ಅಂಚೆಯಲ್ಲಿ ವಾಪಸು ಬಂದಾಗ, ಅದನ್ನು ಫೈಲಿಗೆ ಹೊಲಿಯುತ್ತಾ ನಮ್ಮ ಪ್ರತಿಯ ತಲೆ ನೋಡಿದೆ. ಕೈಯಲ್ಲಿದ್ದ ಸೂಜಿ ನಿಂತಿತು.

ಬೆಳ್ಯಪ್ಪನವರು ಸತ್ತು ಆಗಿನ್ನೂ ಐದು ತಿಂಗಳಾಗಿತ್ತು. ವರ್ಷ ತುಂಬಲು ಏಳು ತಿಂಗಳಿತ್ತು. ಹೊಸ ಹಾಳೆಯಲ್ಲಿ ಸರಿಯಾದ ಸರ್ಕಾರಕ್ಕೆ ಇನ್ನೊಂದು ನೋಟೀಸು ಕಳಿಸಿದ್ದರೆ ಮುಗಿದಿತ್ತು. ಒಂದು ಗಂಟೆಯ ಕೆಲಸ. ಆದರೆ ಅದಕ್ಕೆ ವಕೀಲರ ಸಹಿ ಬೇಕು. ಸಹಿಗೆ ಮೊದಲು, "ಸರ್, ನಾನು ತಪ್ಪು ಮಾಡಿದೆ" ಎನ್ನಬೇಕು. ಕಣ್ಣು ಮುಚ್ಚಿ ಸಹಿ ಹಾಕುವವರ ಕಣ್ಣು ತೆರೆಸಬೇಕು.

ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅವರಿಗೆ ಉಬ್ಬಸ. ಅದರ ಮಾರನೆಯ ದಿನ ಕಕ್ಷಿಗಾರರು ಜಾಸ್ತಿ. ಆಮೇಲೆ ನಾನು ಒಂದು ಸಮಾಧಾನ ಕಂಡುಕೊಂಡೆ. ನೋಟೀಸು ತಲುಪಿದ್ದು ಮಡಿಕೇರಿಯ ಅದೇ ಕಟ್ಟಡಕ್ಕೆ. ಚೀಟಿಯ ಮೇಲಿನ ಮೊಹರು ಹೊಸ ಆಫೀಸಿನದ್ದು. ಒಳಗೆ ಕೂತವರು ಓದಿರುತ್ತಾರೆ. ಬಾಗಿಲು ಅದೇ, ಮೇಜು ಅದೇ, ಬಹುಶಃ ಗುಮಾಸ್ತರೂ ಅವರೇ — ಅವರಿಗೂ ನನ್ನ ಹಾಗೆ ಹಳೆಯ ಹೆಸರಿನ ಅಭ್ಯಾಸ ಇರುತ್ತದೆ. ಯಾರು ಕೇಳುತ್ತಾರೆ? ಬಜಾರಿನಲ್ಲಿ ಜನ ಇನ್ನೂ "ನಮ್ಮ ಕೊಡಗು ಸರ್ಕಾರ" ಎಂದೇ ಅನ್ನುತ್ತಿದ್ದರಲ್ಲ. ಎಲ್ಲದಕ್ಕೂ ಹೆದರುವ ನಾನು, ಹೆದರಲೇಬೇಕಾದ ಒಂದೇ ಒಂದು ವಿಷಯದಲ್ಲಿ ಧೈರ್ಯ ತಂದುಕೊಂಡೆ.

ಎರಡು ತಿಂಗಳು ಕಳೆದ ಮೇಲೆ ದಾವೆಯ ಅರ್ಜಿ ಟೈಪು ಮಾಡಿದವನೂ ನಾನೇ. ಅದರಲ್ಲಿ ಹೊಸ ಸರ್ಕಾರದ ಹೆಸರನ್ನು ಸರಿಯಾಗಿ ಹೊಡೆದೆ. ನೋಟೀಸು ಒಂದು ಸರ್ಕಾರಕ್ಕೆ, ದಾವೆ ಇನ್ನೊಂದರ ಮೇಲೆ. ಅಕ್ಷರ ಅಕ್ಷರವಾಗಿ ಹೊಡೆಯುವಾಗ ಬೆರಳಿಗೆ ಗೊತ್ತಿತ್ತು.

ಆ ನಡುವೆ ದೇವಕ್ಕ ನಾಲ್ಕೈದು ಸಲ ಬಂದರು. ಅರೆಭಾಷೆಯಲ್ಲಿ ಶುರುಮಾಡಿ, ನನ್ನ ಮುಖ ನೋಡಿ, ಕನ್ನಡಕ್ಕೆ ತಿರುಗುತ್ತಿದ್ದರು. ಒಂದು ಸಲ ಕಿತ್ತಳೆ ತಂದುಕೊಟ್ಟರು. "ಗುಮಾಸ್ತರೇ, ನೀವು ಯಾಕೆ ಹೀಗೆ ಸೊರಗಿದ್ದೀರಿ? ಕೇಸು ನನ್ನದಲ್ವಾ, ಹೆದರಿಕೆ ನಿಮಗಾ?" ಎಂದು ನಕ್ಕರು. ಗಂಡ ಸತ್ತ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಿತ್ತಳೆ ತಿಂದೆ. ಹೇಳಲಿಲ್ಲ.

ಮಡಿಕೇರಿಯಲ್ಲಿ ಕೇಸು ಕರೆಯುವ ಹೊತ್ತಿಗೆ ವರ್ಷ ದಾಟಿತ್ತು. ಸರ್ಕಾರದ ಕಡೆಯ ವಕೀಲರು ಎದ್ದು ನಿಂತು ನಮ್ಮ ನೋಟೀಸನ್ನು ಎರಡು ಬೆರಳಲ್ಲಿ ಹಿಡಿದು, ಇದು ನಮಗೆ ಬಂದದ್ದಲ್ಲ ಸ್ವಾಮಿ, ಈಗ ಇಲ್ಲದ ಒಂದು ಸರ್ಕಾರಕ್ಕೆ ಹೋದದ್ದು ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಉತ್ತಯ್ಯ ವಕೀಲರು ಏನೇನೋ ಹೇಳಿ ನೋಡಿದರು. ನ್ಯಾಯಾಧೀಶರು ಕಾನೂನಿನ ಪುಸ್ತಕ ತೆರೆದರು, ಮುಚ್ಚಿದರು. ಸರಿಯಾದ ನೋಟೀಸು ಇಲ್ಲದೆ ದಾವೆ ನಿಲ್ಲುವುದಿಲ್ಲ. ಹೊಸ ದಾವೆಗೆ ವಾಯಿದೆ ದಾಟಿತ್ತು. ಮುಗಿಯಿತು. ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು. ಕಾಫಿ ಕಡ್ಡಿಯನ್ನು ಯಾರೂ ಕೇಳಲಿಲ್ಲ.

ರಸ್ತೆ, ಅಂಚು, ಸೈಕಲ್ಲು, ಸಾರಾಯಿ — ಒಂದರ ಮಾತೂ ಆ ತೀರ್ಪಿನಲ್ಲಿಲ್ಲ. ನಕಲು ನನ್ನ ಹತ್ತಿರ ಇದೆ, ಎಷ್ಟೋ ಸಲ ಓದಿದ್ದೇನೆ. ಬೆಳ್ಯಪ್ಪನವರು ಹೇಗೆ ಸತ್ತರು ಎಂದು ಆ ಕೋರ್ಟು ಕೇಳಲೇ ಇಲ್ಲ.

ವಕೀಲರು ನನ್ನನ್ನು ಒಮ್ಮೆ ನೋಡಿದರು. ಬೈಯುತ್ತಾರೆಂದು ಕಾದೆ. "ನಾನೂ ನೋಡಬೇಕಿತ್ತು" ಎಂದರು, ಅಷ್ಟೇ. ಆಮೇಲೆ ಉಬ್ಬಸ ಶುರುವಾಗಿ ಬೆಂಚಿನ ಮೇಲೆ ಕುಳಿತು, ಕೈಸನ್ನೆ ಮಾಡಿ ಹತ್ತಿರ ಕರೆದರು. "ಆ ಅಮ್ಮ ಹೊರಗೆ ಕಾದಿದ್ದಾರೆ. ಹೋಗಿ ಸರಿಯಾಗಿ ಹೇಳು. ನಮ್ಮ ತಪ್ಪು ಅಂತ ಹೇಳು. ರಸ್ತೆಯ ವಿಷಯ ಕೋರ್ಟು ನೋಡಲೇ ಇಲ್ಲ ಅಂತ ಹೇಳು."

ಹೊರಗೆ ಬಂದೆ. ದೇವಕ್ಕ ಜಗಲಿಯ ತುದಿಯಲ್ಲಿ ನಿಂತಿದ್ದರು.

"ಎಂತ ಆಯ್ತು ಗುಮಾಸ್ತರೇ? ಇಷ್ಟು ಬೇಗ?"

"ಮುಗೀತು ಅಕ್ಕ."

"ರಸ್ತೆದು ಎಂತ ಹೇಳಿದರು?"

ನಮ್ಮ ತಪ್ಪು ಎನ್ನಬೇಕಿತ್ತು. ಅಂದರೆ, ಯಾರ ತಪ್ಪು ಎಂದು ಅವರು ಕೇಳುತ್ತಿದ್ದರು. ಯಾವಾಗ ಗೊತ್ತಾಯಿತು ಎಂದೂ ಕೇಳುತ್ತಿದ್ದರು. ಕಿತ್ತಳೆ ತಿನ್ನುವಾಗ ಗೊತ್ತಿತ್ತಾ ಎಂದು — ಇಲ್ಲ, ಅವರು ಅಂಥ ಮಾತು ಕೇಳುವವರಲ್ಲ. ಕೇಳುತ್ತಾರೆಂದು ನನಗೆ ಅನ್ನಿಸಿತು.

"ರಸ್ತೆದಲ್ಲ ಅಂತ ಆಯ್ತು ಅಕ್ಕ. ಸೈಕಲ್ ಹೊಡೆದವರದ್ದೇ... ವಾಸನೆ ಇತ್ತಂತಲ್ಲ. ಅದನ್ನೇ ಹಿಡಿದರು."

"ಕುಡಿದಿದ್ದರು ಅಂತ ಬರೆದರಾ?"

"ಹೌದು."

ದೇವಕ್ಕ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ, ನನ್ನನ್ನೇ ಸಮಾಧಾನ ಮಾಡುವವರ ಹಾಗೆ, "ಜಡ್ಜರು ಓದಿದವರಲ್ವಾ. ನೋಡದೆ ಹೇಳುವುದಿಲ್ಲ" ಎಂದರು. ಒಳಗೆ ಹೋಗಿ ವಕೀಲರ ಮುಖ ನೋಡಲಿಲ್ಲ. ನಾಚಿಕೆಯಿಂದ. ಅವರಿಗೆ ನಾಚಿಕೆ! ನೇರ ಬಸ್ಸು ನಿಲ್ಲುವ ಕಡೆಗೆ ನಡೆದರು.

"ಹೇಳಿದೆಯಾ?" ಎಂದರು ವಕೀಲರು. ಹೇಳಿದೆ ಎಂದೆ. ಉತ್ತಯ್ಯ ವಕೀಲರು ಎರಡು ವರ್ಷದ ಮೇಲೆ ತೀರಿಕೊಂಡರು. ನಾನು ಹೇಳಿದ್ದೇನೆ ಎಂದು ನಂಬಿಯೇ ತೀರಿಕೊಂಡರು.

ದೇವಕ್ಕನನ್ನು ಆಮೇಲೆ ಒಂದೇ ಸಲ ಕಂಡೆ, ವಿರಾಜಪೇಟೆ ಸಂತೆಯಲ್ಲಿ, ಒಣಮೀನಿನ ಅಂಗಡಿ ಎದುರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರೇ ಮಾತಾಡಿಸಿದರು. ಮೊನ್ನೆ ಹಿರಿಯರಿಗೆ ಬಡಿಸಿದ್ದಾಗಿ ಹೇಳಿದರು. "ಎಲ್ಲರ ಎಲೆಗೂ ಲೋಟ ಇಟ್ಟೆ. ಅವರದ್ದಕ್ಕೆ ಇಡಲಿಲ್ಲ. ಪ್ರಾಣ ತೆಗೆದದ್ದನ್ನೇ ಮತ್ತೆ ಬಡಿಸುವುದು ಹೇಗೆ, ಹೇಳಿ?"

"ಬಾಟಲಿ ಹಿರಿಯರಿಗೆ ಅಂತ ನೀವೇ..." ಎಂದೆ. ಅಷ್ಟು ಧೈರ್ಯ ಬಂತು.

"ಹಾಗಂತ ನಾನು ಎಣಿಸಿದ್ದು. ದಾರಿಯಲ್ಲಿ ತೆಗೆದಿರಬೇಕು. ಮನುಷ್ಯನ ಒಳಗಿನದ್ದು ಹೆಂಡತಿಗೆ ಎಲ್ಲ ಗೊತ್ತಾಗುತ್ತದಾ ಗುಮಾಸ್ತರೇ?" ಎಂದು ಅವರು ಮೀನು ಆರಿಸತೊಡಗಿದರು.

ಊರೆಲ್ಲ ಹೇಳಿದಾಗ ನಂಬದಿದ್ದವರು. ಭಾವ ದಿನವೂ ಹೇಳಿದಾಗ ನಂಬದೆ, ಕಡ್ಡಿ ಕಡಿದುಕೊಂಡು ಏಳೆಂಟು ಮೈಲಿ ಬಂದವರು. ನನ್ನ ಒಂದು "ಹೌದು" ಅವರ ಗಂಡನನ್ನು ಅವರಿಂದಲೇ ಕಸಿದುಕೊಂಡಿತ್ತು. ನಾನು ಕಾಲು ಸೇರು ಒಣಮೀನು ಕೊಂಡು ಮನೆಗೆ ಹೋದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ.

ದೇವಕ್ಕ ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು. ಅಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಮೊದಲೂ ಸರಿ ಇರಲಿಲ್ಲ, ಆದರೆ ಈಗ ಕಾರಣ ಗೊತ್ತು. ಅವರಿಗೆ ಹೇಳುವುದು ಇನ್ನಾಗದು. ಮಗಳು ಜಾನಕಿ ಇದ್ದಾಳೆ, ದೊಡ್ಡಪ್ಪನ ಮನೆಯಲ್ಲೇ. ಅವಳಿಗಾದರೂ ತಂದೆಯನ್ನು ವಾಪಸು ಕೊಡೋಣ ಎಂದು ಕಳೆದ ತಿಂಗಳು ಹೊರಟದ್ದು.

ಹೋದರೆ ಅಂಗಳದಲ್ಲಿ ಕೋಳಿ ಪುಕ್ಕ, ಒಳಗೆ ರೊಟ್ಟಿ ಸುಡುವ ಪರಿಮಳ. ಹಿರಿಯರಿಗೆ ಬಡಿಸುವ ದಿನ. ಎಲ್ಲ ವಾಯಿದೆ, ತಾರೀಕು ಲೆಕ್ಕ ಹಾಕುವವನು ನಾನು, ಇದೊಂದು ಲೆಕ್ಕ ಹಾಕಿರಲಿಲ್ಲ. ತಿರುಗಿ ಹೋಗೋಣವೆಂದರೆ ಕುಶಾಲಪ್ಪನವರು ಜಗಲಿಯಿಂದಲೇ ಕಂಡುಬಿಟ್ಟರು.

"ಯಾರದು, ವಕೀಲರ ಗುಮಾಸ್ತರಾ? ಬನ್ನಿ ಬನ್ನಿ. ಕೂದಲೆಲ್ಲ ಹೋಯ್ತಲ್ಲ ಮಾರಾಯರೇ! ಬಡಿಸುವ ದಿನ ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ. ಕೂತುಕೊಳ್ಳಿ, ನಾಯಿ ಕಟ್ಟಿದೆ."

ನಡುಮನೆಯಲ್ಲಿ ಎಲೆಗಳ ಸಾಲು. ಕೊನೆಯಲ್ಲಿ ದೇವಕ್ಕನ ಎಲೆ, ಮೊದಲ ವರ್ಷದ್ದು. ಅದರ ಪಕ್ಕ ಬೆಳ್ಯಪ್ಪನವರದ್ದು. ಗಂಡಸರ ಎಲೆಗಳಿಗೆಲ್ಲ ಒಂದೊಂದು ಲೋಟ. ಆ ಒಂದು ಎಲೆಯ ಪಕ್ಕದಲ್ಲಿ ಬರೀ ನೆಲ. ದೀಪ ಹಚ್ಚಿ, ಕೈಮುಗಿದು, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿಕೊಂಡೆವು. ಹೊರಗೆ ನಿಂತಷ್ಟು ಹೊತ್ತೂ ನಾನು ಹೇಳಬೇಕಾದ ಮಾತನ್ನು ಒಳಗೇ ಓದಿಕೊಂಡೆ: ಜಾನಕಿ, ನಿನ್ನ ಅಪ್ಪ ಕುಡಿದಿದ್ದರು ಎಂದು ಕೋರ್ಟು ಹೇಳಲಿಲ್ಲ, ನಾನು ಹೇಳಿದೆ. ಎಷ್ಟು ಮಾತು! ಒಂದು ಉಸಿರಿಗೆ ಮುಗಿಯುವಷ್ಟು.

ಆಮೇಲೆ ನಮ್ಮ ಊಟ. ಕುಶಾಲಪ್ಪನವರು ನನ್ನ ಪಕ್ಕದಲ್ಲಿ, ಜಾನಕಿ ಬಡಿಸುತ್ತಿದ್ದಳು. ತಾಯಿಯದೇ ನಿಲುವು.

"ನೋಡಿ ಗುಮಾಸ್ತರೇ," ಎಂದರು ಕುಶಾಲಪ್ಪನವರು ರೊಟ್ಟಿ ಮುರಿಯುತ್ತಾ, "ಪ್ರತಿ ವರ್ಷ ಇದೇ ಜಗಳ. ಆದದ್ದಾಯ್ತು, ತಮ್ಮನಿಗೂ ಒಂದು ಲೋಟ ಇಡು ಅಂತ ನಾನೇ ಹೇಳುತ್ತೇನೆ. ಆವತ್ತು ನಾನೂ ಬಾಯಿಗೆ ಬಂದ ಹಾಗೆ ಆಡಿದ್ದೆ, ಒಪ್ಪುತ್ತೇನೆ. ವಯಸ್ಸಾಯ್ತು ನನಗೆ. ನಾಳೆ ನಾನೂ ಆ ಸಾಲಿನಲ್ಲೇ ಕೂರುವವನು, ಪಕ್ಕದಲ್ಲಿ ತಮ್ಮ ಬರಿದೇ ಕೂತಿದ್ದರೆ ನಾನು ಕುಡಿಯುವುದು ಹೇಗೆ? ಆದರೆ ಈ ಹುಡುಗಿ ಕೇಳಬೇಕಲ್ಲ! ಅಮ್ಮನಿಗಿಂತ ಗಟ್ಟಿ."

"ನೀವು ಹೇಳಿದ್ದಕ್ಕೆ ಅಮ್ಮ ಬಿಟ್ಟದ್ದಲ್ಲ ದೊಡ್ಡಪ್ಪ," ಎಂದಳು ಜಾನಕಿ. "ನಿಮ್ಮ ಮಾತು ಯಾರು ಕೇಳುತ್ತಾರೆ? ಕೋರ್ಟು ಹೇಳಿದ್ದಕ್ಕೆ ಬಿಟ್ಟದ್ದು. ಕೋರ್ಟು ಹೇಳಿದ ಮೇಲೆ ನಾನು ಇಡುವುದು ಹೇಗೆ?" ಸೌಟು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು. "ಅಲ್ವಾ ಮಾಮ? ನೀವು ಅಲ್ಲೇ ಇದ್ದಿರಲ್ಲ. ನೀವೇ ಹೇಳಿ ದೊಡ್ಡಪ್ಪನಿಗೆ."

ಕುಶಾಲಪ್ಪನವರೂ ನನ್ನನ್ನು ನೋಡಿದರು. ಅವರ ಮುಖದಲ್ಲಿ ಇದ್ದದ್ದು ಆಸೆ — ನಾನು ಅಲ್ಲ ಎನ್ನಲಿ ಎಂಬ ಆಸೆ. ಕೆಮ್ಮು ಬರಲಿಲ್ಲ. ಎದೆ ಚೆನ್ನಾಗಿಯೇ ಬಡಿಯುತ್ತಿತ್ತು. ಬಾಯಿ ತೆರೆದೆ.

"ಇನ್ನು ಸ್ವಲ್ಪ ಸಾರು ಹಾಕು ಮಗಳೇ" ಎಂದೆ.

ಹಾಕಿದಳು.